ವಿತರಿತ ಗಣನೆಯಲ್ಲಿ ವಿಶ್ವಾಸ ಮತ್ತು ತಂತ್ರಾಂಶ ಪ್ರತಿನಿಧಿಗಳು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಒಂದೇ ಗಣಕಯಂತ್ರದಿಂದ ಸಕಾಲದಲ್ಲಿ ಮುಗಿಸಲಾಗದ ದೊಡ್ಡ ಲೆಕ್ಕಾಚಾರವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಅಂತರಜಾಲದ ಮೂಲಕ ಅನೇಕ ಗಣಕಯಂತ್ರಗಳಿಗೆ ಹಂಚಿ, ಅವುಗಳಿಂದ ಬಂದ ಉತ್ತರಗಳನ್ನು ಮತ್ತೆ ಒಗ್ಗೂಡಿಸುವ ವಿಧಾನವನ್ನು ವಿತರಿತ ಗಣನೆ ಎಂದು ಕರೆಯಲಾಗುತ್ತದೆ. ಇದರ ಒಂದು ಬಗೆಯಲ್ಲಿ ವಿಶ್ವವಿದ್ಯಾಲಯಗಳು ಹಾಗೂ ಸಂಶೋಧನಾ ಸಂಸ್ಥೆಗಳು ಸಾಮಾನ್ಯ ನಾಗರಿಕರ ಮನೆಗಳಲ್ಲಿರುವ ಗಣಕಯಂತ್ರಗಳ ಬಿಡುವಿನ ವೇಳೆಯನ್ನು ಬಳಸಿಕೊಳ್ಳುತ್ತವೆ. ಇದಕ್ಕೆ ಸ್ವಯಂಸೇವಾ ಗಣನೆ ಎಂದು ಹೆಸರು. ಇಂಥ ಯೋಜನೆಗಳಿಗೆ ಯಾವುದೇ ದೇಶದ ನಾಗರಿಕರು ಉಚಿತವಾಗಿ ನೋಂದಾಯಿಸಿಕೊಳ್ಳಬಹುದಾಗಿದ್ದು, ನಮ್ಮ ರಾಜ್ಯದ ಆಸಕ್ತರಿಗೂ ಅವು ತೆರೆದಿವೆ.

ಆದರೆ ಇಲ್ಲೊಂದು ತೊಡಕಿದೆ. ಲೆಕ್ಕ ಕೊಡುವವರು ಲೆಕ್ಕ ಮಾಡುವವರನ್ನು ಕಂಡವರಲ್ಲ. ಲೆಕ್ಕ ಮಾಡುವವರು ಕೊಡುವವರನ್ನು ಬಲ್ಲವರಲ್ಲ. ಕಾಣದ ಯಂತ್ರದಿಂದ ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು? ಕಾಣದ ಸಂಸ್ಥೆಯಿಂದ ಬಂದ ಕಾರ್ಯಕ್ರಮವನ್ನು ನಮ್ಮ ಮನೆಯ ಯಂತ್ರದಲ್ಲಿ ಓಡಲು ಹೇಗೆ ಬಿಡಬೇಕು? ಈ ಎರಡು ಪ್ರಶ್ನೆಗಳಿಗೆ ಕಳೆದ ಎರಡೂವರೆ ದಶಕಗಳಲ್ಲಿ ಕಂಡುಕೊಂಡ ಉತ್ತರಗಳನ್ನು, ನೋಂದಣಿಗೆ ಮುನ್ನ ತಿಳಿದಿರಬೇಕಾದ ಅಂಶಗಳೊಂದಿಗೆ, ಈ ಪುಟದಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಸ್ವರೂಪ

ಸ್ವಯಂಸೇವಾ ಗಣನೆಯನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದ ಯೋಜನೆ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 'ಸೆಟಿ ಅಟ್ ಹೋಮ್'. ಇದು ದಿನಾಂಕ 17-05-1999ರಂದು ಆರಂಭವಾಯಿತು. ಪೋರ್ಟೊ ರಿಕೊ ದ್ವೀಪದ ಅರೆಸಿಬೊ ರೇಡಿಯೊ ದೂರದರ್ಶಕದಲ್ಲಿ ದಾಖಲಾದ ಸಂಕೇತಗಳನ್ನು ಬರ್ಕ್ಲಿಗೆ ತಂದು, 2.5 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು 256 ಎಳೆಗಳಾಗಿ ಸೀಳಿ, ಪ್ರತಿಯೊಂದು ಎಳೆಯನ್ನೂ ಸುಮಾರು 107 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಲಾಗುತ್ತಿತ್ತು. ಇಂಥ ಒಂದು ತುಂಡಿನ ಗಾತ್ರ ಮೂರೂವರೆ ನೂರು ಕಿಲೋಬೈಟಿನ ಆಸುಪಾಸು. ಅಂದಿನ ದೂರವಾಣಿ ಸಂಪರ್ಕದಲ್ಲಿಯೂ ಕೆಲವೇ ನಿಮಿಷಗಳಲ್ಲಿ ಇಳಿಸಿಕೊಳ್ಳಬಹುದಾದಷ್ಟು. ಅನ್ಯಲೋಕದ ಬುದ್ಧಿಜೀವಿಗಳ ಸುಳಿವನ್ನು ಹುಡುಕುವ ಈ ಕಾರ್ಯದಲ್ಲಿ ಒಟ್ಟು 50 ಲಕ್ಷಕ್ಕೂ ಅಧಿಕ ಜನ ಕೈಜೋಡಿಸಿದರು. ಕೆಲಸದ ಹಂಚಿಕೆಯನ್ನು 2020ರ ಮಾರ್ಚ್ 31ರಂದು ನಿಲ್ಲಿಸಲಾಯಿತು.

ಪ್ರತಿಯೊಬ್ಬರೂ ಎಷ್ಟು ತುಂಡುಗಳನ್ನು ಮುಗಿಸಿದರೆಂಬ ಪಟ್ಟಿಯನ್ನು ಯೋಜನೆಯ ಜಾಲತಾಣದಲ್ಲಿ ಪ್ರಕಟಿಸಲಾಗುತ್ತಿತ್ತು. ಯಾವ ಹಣವೂ ಇಲ್ಲದ, ಕೇವಲ ಹೆಸರಿನ ಮುಂದಿನ ಒಂದು ಅಂಕಿಗಾಗಿ ಜನ ಮೋಸ ಮಾಡಲಾರರೆಂದು ಯಾರಾದರೂ ಭಾವಿಸಬಹುದು. ಹಾಗಾಗಲಿಲ್ಲ. ಪಟ್ಟಿಯಲ್ಲಿ ಮೇಲೇರುವ ಆಸೆಯಿಂದ ಕೆಲವರು ತಂತ್ರಾಂಶವನ್ನು ತಿದ್ದಿ, ಲೆಕ್ಕವನ್ನೇ ಮಾಡದೆ ಮಾಡಿದಂತೆ ತೋರಿಸಿ ಫಲಿತಾಂಶಗಳನ್ನು ಕಳುಹಿಸಿದರು. ಇನ್ನು ಕೆಲವರು ಸದುದ್ದೇಶದಿಂದಲೇ, ವೇಗ ಹೆಚ್ಚಿಸಲೆಂದು ಮಾಡಿದ ತಿದ್ದುಪಡಿಗಳಿಂದ ಉತ್ತರದ ನಿಖರತೆಯ ಬಗ್ಗೆ ಸಂದೇಹ ಹುಟ್ಟಿತು. ಯಾರ ತಪ್ಪೂ ಇಲ್ಲದೆ, ಬಿಸಿಯೇರಿದ ಸಂಸ್ಕಾರಕ ಅಥವಾ ದೋಷಪೂರಿತ ಸ್ಮೃತಿ ತಪ್ಪು ಉತ್ತರ ನೀಡುವುದೂ ಉಂಟು. ಮೋಸವೋ ದೋಷವೋ, ಕೊನೆಗೆ ಸರ್ವರಿಗೆ ಸೇರುವುದು ಒಂದು ತಪ್ಪು ಸಂಖ್ಯೆ. ಅದು ಸರಿಯಾದ ಸಂಖ್ಯೆಯ ಹಾಗೆಯೇ ಕಾಣುತ್ತದೆ.

ಇದಕ್ಕೆ ಮೊದಲ ಪರಿಹಾರ ಸರಳವಾದುದೇ ಆಗಿತ್ತು. ಒಂದೇ ತುಂಡನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೋ ಮೂವರಿಗೋ ಕೊಟ್ಟು, ಉತ್ತರಗಳು ತಾಳೆಯಾದರೆ ಮಾತ್ರ ಒಪ್ಪಿಕೊಳ್ಳುವುದು. ಗ್ರಾಮಸಭೆಯಲ್ಲಿ ಕೋರಂ ಇಲ್ಲದೆ ನಿರ್ಣಯವಿಲ್ಲವೆಂಬಂತೆ, ಇಲ್ಲಿಯೂ ನಿಗದಿತ ಸಂಖ್ಯೆಯ ಉತ್ತರಗಳು ಹೊಂದಿಕೊಳ್ಳುವವರೆಗೆ ಫಲಿತಾಂಶವಿಲ್ಲ. ಇದನ್ನು ಕೋರಂ ಎಂದೇ ಕರೆಯಲಾಗುತ್ತದೆ. ಈ ವಿಧಾನ ಕೆಲಸ ಮಾಡುತ್ತದೆ, ಆದರೆ ಅದರ ಬೆಲೆ ಭಾರಿ. ಪ್ರತಿ ಲೆಕ್ಕವನ್ನೂ ಎರಡು ಬಾರಿ ಮಾಡಿಸಿದರೆ, ಜನರು ನೀಡಿದ ಗಣನಾ ಸಾಮರ್ಥ್ಯದ ಅರ್ಧ ಭಾಗ ಕೇವಲ ಅನುಮಾನ ಪರಿಹಾರಕ್ಕೆ ವ್ಯಯವಾಗುತ್ತದೆ. ಮೂರು ಬಾರಿಯಾದರೆ ಮೂರನೆಯ ಎರಡು ಭಾಗ. ನಾಗರಿಕರು ತಮ್ಮ ವಿದ್ಯುತ್ ಶುಲ್ಕದಲ್ಲಿ ಭರಿಸುವ ವೆಚ್ಚವಿದು ಎಂಬುದನ್ನು ಮರೆಯುವಂತಿಲ್ಲ. ಯಾರನ್ನೂ ನಂಬದೆ ನಡೆಯುವ ವ್ಯವಸ್ಥೆಯ ಖರ್ಚನ್ನು ಪ್ರಾಮಾಣಿಕರೇ ಹೊರಬೇಕಾಗುತ್ತದೆ. ಈ ವೆಚ್ಚವನ್ನು ಇಳಿಸುವ ಸಾಧನವಾಗಿ ವಿಶ್ವಾಸದ ಲೆಕ್ಕ ಬಂದಿತು.

ಗುರುತು ಬೇರೆ, ವಿಶ್ವಾಸ ಬೇರೆ

ವಿತರಿತ ಗಣನೆಯ ಇನ್ನೊಂದು ಬಗೆಯಾದ ಗ್ರಿಡ್ ಗಣನೆಯಲ್ಲಿ ಯಂತ್ರಗಳು ಮನೆಗಳಲ್ಲಿರದೆ ಸಂಸ್ಥೆಗಳಲ್ಲಿರುತ್ತವೆ. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಕೇಂದ್ರ ಸರ್ಕಾರದ ನೆರವಿನಿಂದ 2000ರ ದಶಕದಲ್ಲಿ 'ಗರುಡ' ಎಂಬ ರಾಷ್ಟ್ರೀಯ ಗ್ರಿಡ್ ಯೋಜನೆಯನ್ನು ಕೈಗೊಂಡು, ಪ್ರಾಯೋಗಿಕ ಹಂತದಲ್ಲಿ 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತು. ಈ ಕಾರ್ಯದಲ್ಲಿ ಅದರ ಬೆಂಗಳೂರು ಕೇಂದ್ರದ ಪಾತ್ರ ಪ್ರಮುಖವಾದುದು. ಗ್ರಿಡ್ ಬಳಕೆದಾರರಿಗೆ ಹಾಗೂ ಯಂತ್ರಗಳಿಗೆ ವಿದ್ಯುನ್ಮಾನ ಪ್ರಮಾಣಪತ್ರ ನೀಡುವ ಪ್ರಾಧಿಕಾರವನ್ನೂ ಅಲ್ಲಿಂದಲೇ ನಡೆಸಲಾಯಿತು.

ಪ್ರಮಾಣಪತ್ರವು 'ಇವರು ಯಾರು' ಎಂಬುದನ್ನು ದೃಢಪಡಿಸುತ್ತದೆ. 'ಇವರು ಕೊಟ್ಟ ಮಾತಿನಂತೆ ಕೆಲಸ ಮುಗಿಸುವರೇ' ಎಂಬುದನ್ನು ದೃಢಪಡಿಸುವುದಿಲ್ಲ. ತೂಕದ ಬಟ್ಟಿಗೆ ಹಾಕಿದ ಸರ್ಕಾರಿ ಮುದ್ರೆಯನ್ನು ಇದಕ್ಕೆ ಹೋಲಿಸಬಹುದು: ಮುದ್ರೆಯ ದಿನ ಬಟ್ಟು ಸರಿಯಾಗಿತ್ತು ಎಂಬುದಷ್ಟೇ ಅದರ ಅರ್ಥ, ಅಂಗಡಿಯವರು ತಕ್ಕಡಿಯನ್ನು ಹೇಗೆ ಹಿಡಿಯುತ್ತಾರೆಂಬುದು ಗಿರಾಕಿಗೆ ಅನುಭವದಿಂದಲೇ ತಿಳಿಯಬೇಕು. ಮನೆಯ ಯಂತ್ರಗಳ ವಿಷಯದಲ್ಲಂತೂ ಮುದ್ರೆಯೂ ಇರುವುದಿಲ್ಲ, ಅನುಭವವೊಂದೇ ಆಧಾರ. ಆ ಅನುಭವವನ್ನು ಬರೆದಿಟ್ಟು ಲೆಕ್ಕಕ್ಕೆ ತರುವ ಕೆಲಸವನ್ನು ಲಕ್ಷಾಂತರ ಯಂತ್ರಗಳಿಗೆ ಮನುಷ್ಯರು ಮಾಡಲು ಸಾಧ್ಯವಿಲ್ಲವಾದ್ದರಿಂದ, ಅದನ್ನು ತಂತ್ರಾಂಶ ಪ್ರತಿನಿಧಿಗಳಿಗೆ ವಹಿಸಲಾಗಿದೆ.

ತಂತ್ರಾಂಶ ಪ್ರತಿನಿಧಿ ಎಂದರೇನು

ಒಡೆಯನ ಪರವಾಗಿ, ಅವನು ಪ್ರತಿ ಹೆಜ್ಜೆಗೂ ಅಪ್ಪಣೆ ಕೊಡುವುದನ್ನು ಕಾಯದೆ, ಪರಿಸ್ಥಿತಿಯನ್ನು ಗಮನಿಸಿ ತಾನೇ ತೀರ್ಮಾನ ತೆಗೆದುಕೊಳ್ಳುವ ಕಾರ್ಯಕ್ರಮವನ್ನು ತಂತ್ರಾಂಶ ಪ್ರತಿನಿಧಿ ಅಥವಾ ಏಜೆಂಟ್ ಎನ್ನಲಾಗುತ್ತದೆ. ಪ್ರತಿನಿಧಿಗಳು ಪರಸ್ಪರ ಕೆಲಸ ಹಂಚಿಕೊಳ್ಳುವ ಕ್ರಮವನ್ನು ರೀಡ್ ಸ್ಮಿತ್ ಎಂಬ ವಿಜ್ಞಾನಿ 1980ರಲ್ಲಿ ಪ್ರಕಟಿಸಿದರು. ಅದು ನಮ್ಮ ಟೆಂಡರ್ ಪದ್ಧತಿಯನ್ನೇ ಹೋಲುತ್ತದೆ. ಕೆಲಸವುಳ್ಳ ಪ್ರತಿನಿಧಿ ಪ್ರಕಟಣೆ ಹೊರಡಿಸುತ್ತದೆ, ಬಿಡುವುಳ್ಳವು ಬಿಡ್ ಸಲ್ಲಿಸುತ್ತವೆ, ಯೋಗ್ಯವಾದುದಕ್ಕೆ ಗುತ್ತಿಗೆ ದೊರೆಯುತ್ತದೆ. ಬಿಡ್‌ನಲ್ಲಿ ಹೇಳಿಕೊಂಡ ಸಾಮರ್ಥ್ಯ ನಿಜವೇ ಎಂಬುದನ್ನು ಪರಿಶೀಲಿಸುವ ಏರ್ಪಾಡು ಆ ಕ್ರಮದ ಭಾಗವಾಗಿರಲಿಲ್ಲ. ಟೆಂಡರ್ ಕಂಡವರಿಗೆ ಈ ಕೊರತೆಯ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಇಂದು ಸ್ವಯಂಸೇವಾ ಗಣನೆಯಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಪ್ರತಿನಿಧಿ 'ಬೋಯಿಂಕ್' ಎಂಬ ಮುಕ್ತ ತಂತ್ರಾಂಶ. ಸೆಟಿ ಅಟ್ ಹೋಮ್ ಅನುಭವದ ಆಧಾರದ ಮೇಲೆ ಡೇವಿಡ್ ಆಂಡರ್ಸನ್ ಅವರ ನೇತೃತ್ವದಲ್ಲಿ 2002ರಿಂದ ಇದನ್ನು ರೂಪಿಸಲಾಯಿತು. ನಾಗರಿಕರ ಯಂತ್ರದಲ್ಲಿ ನೆಲೆಸುವ ಇದರ ಭಾಗವು ಮೊದಲಿಗೆ ಆ ಯಂತ್ರದ ವೇಗವನ್ನು ಅಳೆಯುತ್ತದೆ. ದಿನದ ಎಷ್ಟು ಭಾಗ ಯಂತ್ರ ಚಾಲನೆಯಲ್ಲಿರುತ್ತದೆ, ಅದರಲ್ಲಿ ಎಷ್ಟು ಭಾಗ ಗಣನೆಗೆ ಅವಕಾಶವಿರುತ್ತದೆ, ಅಂತರಜಾಲ ಸಂಪರ್ಕ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ದಿನಗಳು ಕಳೆದಂತೆ ತಾನೇ ಕಲಿಯುತ್ತದೆ. ವಿದ್ಯುತ್ ಕಡಿತವಿರುವ ಊರಿನ ಯಂತ್ರಕ್ಕೂ ಸದಾ ಚಾಲನೆಯಲ್ಲಿರುವ ಯಂತ್ರಕ್ಕೂ ಒಂದೇ ಗಡುವು ಕೊಟ್ಟರೆ ಫಲವಿಲ್ಲವಷ್ಟೇ. ಈ ಅಂಕಿಗಳನ್ನು ಆಧರಿಸಿ, ಗಡುವಿನೊಳಗೆ ಮುಗಿಯಬಹುದಾದ ಕೆಲಸವನ್ನು ಮಾತ್ರ ಪಡೆಯಲಾಗುತ್ತದೆ. ಯಾವುದಾದರೂ ಕೆಲಸದ ಗಡುವು ಮೀರುವ ಸಂಭವ ಕಂಡುಬಂದಲ್ಲಿ, ಪ್ರತಿನಿಧಿಯು ಸರದಿಯನ್ನು ಬದಿಗಿರಿಸಿ ಅದನ್ನೇ ಮೊದಲು ಮುಗಿಸುತ್ತದೆ.

ಗುಣಮಟ್ಟವೆಂದರೆ ಉತ್ತರ ಸರಿಯಿರುವುದು ಮಾತ್ರವಲ್ಲ, ಸಮಯಕ್ಕೆ ಬರುವುದೂ ಹೌದು. ಸರ್ವರಿನ ಕಡೆಯ ತಂತ್ರಾಂಶ ಪ್ರತಿ ಯಂತ್ರದ ಸರಾಸರಿ ಮರಳುವ ಅವಧಿಯನ್ನೂ ತಪ್ಪುಗಳ ಪ್ರಮಾಣವನ್ನೂ ದಾಖಲಿಸಿಕೊಂಡು, ಶೀಘ್ರವಾಗಿ ಹಾಗೂ ದೋಷವಿಲ್ಲದೆ ಕೆಲಸ ಮಾಡುವವನ್ನು ಗುರುತಿಸಿಡಬಹುದಾಗಿದೆ. ಯಾರೋ ಅರ್ಧಕ್ಕೆ ಕೈಬಿಟ್ಟ ತುಂಡು ಮರುಹಂಚಿಕೆಗೆ ಬಂದಾಗ, ಅದನ್ನು ಇಂಥ ಯಂತ್ರಗಳಿಗೆ ಕಡಿಮೆ ಗಡುವಿನೊಂದಿಗೆ ನೀಡಲಾಗುತ್ತದೆ. ಇಡೀ ಸಾವಿರ ತುಂಡುಗಳ ಕಂತೆಯೊಂದು ಒಂದೇ ಒಂದು ಬಾಕಿ ತುಂಡಿಗಾಗಿ ವಾರಗಟ್ಟಲೆ ಕಾಯುವುದು ಈ ರೀತಿ ತಪ್ಪುತ್ತದೆ.

ವಿಶ್ವಾಸವನ್ನು ಅಳೆಯುವ ಬಗೆ

ವಿಶ್ವಾಸವೆಂಬ ಭಾವನೆಯನ್ನು ಗಣಕಯಂತ್ರಕ್ಕೆ ತಿಳಿಯುವ ಸಂಖ್ಯೆಯನ್ನಾಗಿಸುವ ಮೊದಲ ವಿಸ್ತೃತ ಪ್ರಯತ್ನಗಳಲ್ಲಿ ಸ್ಟೀಫನ್ ಮಾರ್ಷ್ ಅವರು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯಕ್ಕೆ 1994ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧವು ಮುಖ್ಯವಾದುದು. ಅನಂತರ ಆಡುನ್ ಯೋಸಾಂಗ್ ಮತ್ತು ರೋಸ್ಲಾನ್ ಇಸ್ಮಾಯಿಲ್ ಅವರು 2002ರಲ್ಲಿ ಮಂಡಿಸಿದ ಸೂತ್ರವೊಂದು ತನ್ನ ಸರಳತೆಯಿಂದ ಪ್ರಚಾರಕ್ಕೆ ಬಂದಿತು. ಯಂತ್ರವೊಂದು ಸರಿಯಾಗಿ ಮಾಡಿದ ಕೆಲಸಗಳ ಸಂಖ್ಯೆಗೆ 1ನ್ನು ಕೂಡಿಸಿ, ಒಟ್ಟು ಕೆಲಸಗಳ ಸಂಖ್ಯೆಗೆ 2ನ್ನು ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಅದರ ವಿಶ್ವಾಸಾಂಕ ದೊರೆಯುತ್ತದೆ.

ಉದಾಹರಣೆಗೆ, ಇನ್ನೂ ಯಾವ ಕೆಲಸವನ್ನೂ ಮಾಡದ ಹೊಸ ಯಂತ್ರದ ಅಂಕ 1 ಭಾಗಿಸು 2, ಅಂದರೆ 0.50. ನಂಬಿಕೆಯೂ ಅಲ್ಲ, ಅಪನಂಬಿಕೆಯೂ ಅಲ್ಲ. ಎಂಟು ಕೆಲಸ ಮಾಡಿ ಎಂಟನ್ನೂ ಸರಿ ಮಾಡಿದ ಯಂತ್ರದ ಅಂಕ 9 ಭಾಗಿಸು 10, ಅಂದರೆ 0.90. ನೂರು ಕೆಲಸ ಮಾಡಿ ಅವುಗಳಲ್ಲಿ ಹತ್ತನ್ನು ತಪ್ಪಿಸಿದ ಯಂತ್ರದ ಅಂಕ 91 ಭಾಗಿಸು 102, ಅಂದರೆ ಸುಮಾರು 0.89. ಅಂಕಗಳು ಹೆಚ್ಚು ಕಡಿಮೆ ಒಂದೇ ಆದರೂ ಈ ಎರಡು ಯಂತ್ರಗಳು ಒಂದೇ ಅಲ್ಲವೆಂಬುದು ಸ್ಪಷ್ಟ. ಒಂದು ತಪ್ಪೇ ಮಾಡಿಲ್ಲ, ಆದರೆ ಅದನ್ನು ನಾವು ಬಲ್ಲದ್ದು ಕಡಿಮೆ. ಇನ್ನೊಂದನ್ನು ಚೆನ್ನಾಗಿ ಬಲ್ಲೆವು, ಹತ್ತಕ್ಕೊಂದು ತಪ್ಪು ಅದರ ಸ್ವಭಾವ. ಆದುದರಿಂದ ಅಂಕದ ಜೊತೆಗೆ ಅದರ ಹಿಂದಿನ ಸಾಕ್ಷ್ಯದ ತೂಕವನ್ನೂ ನೋಡುವುದು ಅಗತ್ಯ. ಜಾಲತಾಣಗಳಲ್ಲಿ ಸರಕಿಗೋ ಸೇವೆಗೋ ನೀಡಲಾದ ನಕ್ಷತ್ರಗಳನ್ನು ನೋಡುವಾಗಲೂ ಸಾರ್ವಜನಿಕರು ಇದನ್ನು ಗಮನದಲ್ಲಿಡಬಹುದು. ಹಳೆಯ ಕೆಲಸಗಳ ತೂಕವನ್ನು ಕಾಲಕ್ರಮೇಣ ತಗ್ಗಿಸುವ ಅವಕಾಶವೂ ಸದರಿ ಸೂತ್ರದಲ್ಲಿದೆ. ಕಳೆದ ವರ್ಷ ಚೆನ್ನಾಗಿದ್ದ ಯಂತ್ರದ ಬೀಸಣಿಗೆ ಈ ವರ್ಷ ಕೆಟ್ಟಿರಬಹುದು.

ಬೋಯಿಂಕ್ ಅನುಸರಿಸುವ ಕ್ರಮ ಇದಕ್ಕಿಂತಲೂ ಕಟ್ಟುನಿಟ್ಟಾದುದು. ಸರಾಸರಿಯ ಬದಲು, ಯಂತ್ರವೊಂದು ಸತತವಾಗಿ ಎಷ್ಟು ಸರಿಯುತ್ತರಗಳನ್ನು ಕೊಟ್ಟಿದೆ ಎಂಬುದನ್ನು ಎಣಿಸಲಾಗುತ್ತದೆ. ಈ ಎಣಿಕೆ ನಿಗದಿತ ಮಟ್ಟವನ್ನು ಮುಟ್ಟುವವರೆಗೆ ಅದರ ಪ್ರತಿ ಉತ್ತರವನ್ನೂ ಬೇರೊಂದು ಯಂತ್ರದ ಉತ್ತರದೊಂದಿಗೆ ತಾಳೆ ನೋಡಲಾಗುವುದು. ಮಟ್ಟ ದಾಟಿದ ಬಳಿಕ ಒಂಟಿ ಉತ್ತರವನ್ನೇ ಸ್ವೀಕರಿಸಲಾಗುತ್ತದೆ. ಆದರೆ ಆಗಾಗ, ಮುನ್ಸೂಚನೆಯಿಲ್ಲದೆ, ಯಾದೃಚ್ಛಿಕವಾಗಿ ಆರಿಸಿದ ಕೆಲಸವೊಂದನ್ನು ಮತ್ತೊಬ್ಬರಿಗೂ ಕೊಟ್ಟು ಪರೀಕ್ಷಿಸಲಾಗುತ್ತದೆ. ಎಣಿಕೆ ಬೆಳೆದಂತೆ ಪರೀಕ್ಷೆಗಳು ವಿರಳವಾಗುತ್ತವೆ, ಎಂದಿಗೂ ನಿಲ್ಲುವುದಿಲ್ಲ. ಒಂದು ತಪ್ಪು ಸಿಕ್ಕರೆ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಇದಕ್ಕೆ ಹೊಂದಾಣಿಕೆಯ ಪುನರಾವರ್ತನೆ ಎಂದು ಹೆಸರು.

ಇದರಿಂದ ಆಗುವ ಉಳಿತಾಯವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ನೂರು ಕೆಲಸಗಳನ್ನು ತಲಾ ಎರಡು ಬಾರಿ ಮಾಡಿಸಿದರೆ 200 ಗಣನೆಗಳು ಬೇಕು. ನಂಬಿಗಸ್ತ ಯಂತ್ರಗಳನ್ನು ಇಪ್ಪತ್ತಕ್ಕೊಂದರಂತೆ ಪರೀಕ್ಷಿಸಿದರೆ 105 ಸಾಕು. ಹಾಗಾದರೆ ಮಟ್ಟ ದಾಟಿದ ನಂತರ ಮೋಸಕ್ಕಿಳಿದವನು ತಪ್ಪಿಸಿಕೊಳ್ಳುವನೇ? ಪ್ರತಿ ಉತ್ತರವನ್ನೂ ಸುಳ್ಳು ಮಾಡುವವನು ಇಪ್ಪತ್ತು ಕೆಲಸಗಳವರೆಗೆ ಸಿಕ್ಕಿಬೀಳದಿರುವ ಸಂಭವ ಶೇಕಡ 36ರಷ್ಟು. ನೂರು ಕೆಲಸಗಳವರೆಗೆ ಉಳಿಯುವ ಸಂಭವ ಶೇಕಡ 1ಕ್ಕಿಂತಲೂ ಕಡಿಮೆ. ಆದರೆ ಅಪರೂಪಕ್ಕೊಮ್ಮೆ ಮಾತ್ರ ಸುಳ್ಳು ಬೆರೆಸುವವನು ಬಹುಕಾಲ ಬಾಳಬಲ್ಲನು. ಆದಕಾರಣ, ಒಂದು ತಪ್ಪು ಉತ್ತರವೂ ಸಹಿಸಲಾಗದ ಯೋಜನೆಗಳಿಗೆ ಈ ಕ್ರಮ ತಕ್ಕುದಲ್ಲ. ಅಂಥವು ಇಂದಿಗೂ ಪೂರ್ಣ ತಾಳೆಯನ್ನೇ ನೆಚ್ಚಬೇಕಾಗಿದೆ.

ಇದರೊಂದಿಗೆ ದಿನವಹಿ ಮಿತಿಯೊಂದಿದೆ. ಯಂತ್ರವು ದೋಷಯುಕ್ತ ಫಲಿತಾಂಶಗಳನ್ನು ಕಳುಹಿಸುತ್ತಿದ್ದರೆ ಅದಕ್ಕೆ ದಿನಕ್ಕೆ ದೊರೆಯುವ ಕೆಲಸಗಳ ಸಂಖ್ಯೆ ಇಳಿಯುತ್ತಾ ಹೋಗಿ, ಕಡೆಗೆ ದಿನಕ್ಕೊಂದಕ್ಕೆ ನಿಲ್ಲುತ್ತದೆ. ಸರಿಯುತ್ತರ ಬಂದೊಡನೆ ಮಿತಿಯನ್ನು ಇಮ್ಮಡಿಗೊಳಿಸಲಾಗುತ್ತದೆ. ಹೊರಹಾಕದೆ ಒಂದು ಅವಕಾಶವನ್ನು ಉಳಿಸುವ ಈ ಏರ್ಪಾಡು ವಿವೇಕದ್ದು. ಕೆಟ್ಟ ಯಂತ್ರ ದುರಸ್ತಿಯಾದಾಗ ಯಾರಿಗೂ ಮನವಿ ಸಲ್ಲಿಸದೆ ತನ್ನ ಸ್ಥಾನವನ್ನು ಮರಳಿ ಗಳಿಸಿಕೊಳ್ಳುತ್ತದೆ. ಕೆಲಸ ಏಕೆ ಬರುತ್ತಿಲ್ಲವೆಂದು ಚಿಂತಿಸುವ ಹೊಸಬರು ಮೊದಲು ತಮ್ಮ ಯಂತ್ರದ ಉಷ್ಣತೆ ಹಾಗೂ ಸ್ಮೃತಿಯನ್ನು ಪರೀಕ್ಷಿಸುವುದು ಒಳಿತು.

ತಾಳೆ ನೋಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ದಶಮಾಂಶ ಸಂಖ್ಯೆಗಳ ಲೆಕ್ಕದಲ್ಲಿ ಬೇರೆ ಬೇರೆ ಸಂಸ್ಕಾರಕಗಳು ಹಾಗೂ ಕಾರ್ಯಾಚರಣ ವ್ಯವಸ್ಥೆಗಳು ಕೊನೆಯ ಅಂಕಿಗಳಲ್ಲಿ ಅಲ್ಪಸ್ವಲ್ಪ ಭಿನ್ನವಾದ, ಆದರೂ ಸರಿಯಾದ ಉತ್ತರಗಳನ್ನು ಕೊಡುತ್ತವೆ. ಕೆಲವು ಲೆಕ್ಕಗಳಲ್ಲಿ ಈ ಕಿರುವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ. ಆಗ ಪ್ರಾಮಾಣಿಕರಿಬ್ಬರ ಉತ್ತರಗಳು ಹೊಂದದೆ, ನಿರಪರಾಧಿಯೊಬ್ಬನ ಎಣಿಕೆ ಸೊನ್ನೆಯಾಗುವ ಅಪಾಯವಿದೆ. ಇದನ್ನು ತಪ್ಪಿಸಲು ಒಂದೇ ಜಾತಿಯ ಯಂತ್ರಗಳಿಗೆ ಮಾತ್ರ ಒಂದೇ ತುಂಡಿನ ಪ್ರತಿಗಳನ್ನು ಹಂಚುವ ಕ್ರಮವೂ ಜಾರಿಯಲ್ಲಿದೆ.

ಹೆಸರು ಬದಲಿಸುವವರು, ಗುಂಪು ಕಟ್ಟುವವರು

ವಿಶ್ವಾಸಾಂಕವನ್ನು ಗಳಿಸುವುದು ಕಷ್ಟ, ಹೊಸ ಹೆಸರಿನಿಂದ ಮತ್ತೆ ನೋಂದಾಯಿಸಿಕೊಳ್ಳುವುದು ಸುಲಭ. ಕೆಟ್ಟ ಹೆಸರನ್ನು ತೊರೆದು ಹೊಸ ಖಾತೆ ತೆರೆಯುವವರಿಗೆ ತಡೆಯೆಂದರೆ, ಹೊಸಬರಿಗೆ ಆರಂಭದಲ್ಲಿ ಹೆಚ್ಚು ಸೌಲಭ್ಯ ನೀಡದಿರುವುದು. ಪ್ರಾಮಾಣಿಕ ಹೊಸಬರೂ ಇದರಿಂದ ಕೆಲವು ವಾರ ಬಳಲುತ್ತಾರೆಂಬುದು ನಿಜ. ಆದರೂ ಇದಕ್ಕಿಂತ ಉತ್ತಮವಾದ ಉಪಾಯ ಕಾಣದು.

ಒಬ್ಬನೇ ನೂರು ಹೆಸರುಗಳಿಂದ ನೋಂದಾಯಿಸಿಕೊಂಡು ತನಗೆ ತಾನೇ ಸಾಕ್ಷಿ ನುಡಿಯುವ ದಾಳಿಯನ್ನು ಜಾನ್ ಡೌಸರ್ ಅವರು 2002ರಲ್ಲಿ ವಿಶ್ಲೇಷಿಸಿ, ಗುರುತನ್ನು ದೃಢೀಕರಿಸುವ ಕೇಂದ್ರ ವ್ಯವಸ್ಥೆಯಿಲ್ಲದಿದ್ದಲ್ಲಿ ಇದನ್ನು ಪೂರ್ಣವಾಗಿ ತಡೆಯುವುದು ವಾಸ್ತವದಲ್ಲಿ ಸಾಧ್ಯವಾಗದೆಂದು ತೋರಿಸಿದರು. ಇದಕ್ಕೆ ಸಿಬಿಲ್ ದಾಳಿ ಎಂದು ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ 'ಐಗನ್‌ಟ್ರಸ್ಟ್' ಕ್ರಮದಲ್ಲಿ ಸಾಕ್ಷಿ ಹೇಳುವವರ ವಿಶ್ವಾಸಾರ್ಹತೆಗೆ ತಕ್ಕಂತೆ ಅವರ ಸಾಕ್ಷ್ಯಕ್ಕೆ ತೂಕ ನೀಡಲಾಗುತ್ತದೆ. ಗುಂಪು ಕಟ್ಟಿಕೊಂಡವರ ಪರಸ್ಪರ ಹೊಗಳಿಕೆ ಹೊರಗೆ ಹರಡದಂತೆ, ಮೊದಲೇ ನಂಬಲರ್ಹವೆಂದು ಗುರುತಿಸಿದ ಕೆಲವು ಯಂತ್ರಗಳನ್ನು ಆಧಾರವಾಗಿರಿಸಿಕೊಳ್ಳಲಾಗುತ್ತದೆ. ಅಂದರೆ ಎಲ್ಲವನ್ನೂ ಲೆಕ್ಕವೇ ತೀರ್ಮಾನಿಸುವುದಿಲ್ಲ. ಯಾರನ್ನು ಮೊದಲು ನಂಬಬೇಕೆಂಬ ತೀರ್ಮಾನ ಕೊನೆಗೂ ಮನುಷ್ಯರದೇ. ಬೋಯಿಂಕ್‌ನಲ್ಲಿ ಇಂಥ ಸಾಕ್ಷ್ಯಗಳಿಗೆ ಎಡೆಯೇ ಇಲ್ಲ. ಅಲ್ಲಿ ಸರ್ವರ್ ತಾನು ಕಂಡದ್ದನ್ನು ಮಾತ್ರ ನಂಬುತ್ತದೆ. ಒಂದೇ ತುಂಡಿನ ಎರಡು ಪ್ರತಿಗಳು ಒಬ್ಬರದೇ ಖಾತೆಗೆ ಹೋಗದಂತೆ ಯೋಜನೆಗಳು ನಿರ್ಬಂಧಿಸಬಹುದು.

ಎರಡು ಮನೆ, ಒಂದು ನಕ್ಷತ್ರ

ತಾಳೆ ನೋಡುವುದು ವ್ಯರ್ಥವೆಂಬ ಭಾವನೆ ಬಾರದಿರಲೆಂದು ಒಂದು ನಿದರ್ಶನವನ್ನು ಇಲ್ಲಿ ನೀಡಲಾಗಿದೆ. 2005ರಲ್ಲಿ ಆರಂಭವಾದ 'ಐನ್‌ಸ್ಟೈನ್ ಅಟ್ ಹೋಮ್' ಯೋಜನೆಯು ಅರೆಸಿಬೊ ದತ್ತಾಂಶದಲ್ಲಿ ಹಿಂದೆ ತಿಳಿದಿರದ ಪಲ್ಸಾರ್ ಒಂದನ್ನು ಪತ್ತೆ ಹಚ್ಚಿದುದಾಗಿ 2010ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಸೆಕೆಂಡಿಗೆ ಸುಮಾರು 41 ಬಾರಿ ಸುತ್ತುವ ಈ ನಕ್ಷತ್ರದ ಸುಳಿವು ಸಿಕ್ಕಿದ್ದು ಅಮೆರಿಕದ ಅಯೊವಾ ರಾಜ್ಯದ ಹಾಗೂ ಜರ್ಮನಿಯ ಸ್ವಯಂಸೇವಕರ ಯಂತ್ರಗಳಲ್ಲಿ. ಪರಸ್ಪರ ಅರಿಯದ, ಸಾಗರದ ಎರಡು ದಡಗಳಲ್ಲಿದ್ದ ಯಂತ್ರಗಳು ಒಂದೇ ಉತ್ತರ ಕೊಟ್ಟಿದ್ದರಿಂದ ಅದು ಯಂತ್ರದೋಷವಲ್ಲವೆಂಬ ಭರವಸೆ ಖಗೋಳವಿಜ್ಞಾನಿಗಳಿಗೆ ದೊರೆಯಿತು. ಬೇರೆ ದೂರದರ್ಶಕಗಳಿಂದ ಮರುವೀಕ್ಷಣೆ ನಡೆಸಿ ಖಚಿತಪಡಿಸಲಾಯಿತು.

ಎಲ್ಲ ಯೋಜನೆಗಳಿಗೂ ಇದು ಸಾಧ್ಯವಿಲ್ಲ. ಆಕ್ಸ್‌ಫರ್ಡ್‌ನಿಂದ 2003ರಲ್ಲಿ ಆರಂಭವಾದ ಹವಾಮಾನ ಮುನ್ನೋಟದ ಯೋಜನೆಯಲ್ಲಿ ಒಂದೊಂದು ಗಣನೆಗೂ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಲ್ಲಿ ಪ್ರತಿನಿಧಿಯು ಕೊನೆಯವರೆಗೂ ಕಾಯದೆ ಮಧ್ಯೆ ಮಧ್ಯೆ ಪ್ರಗತಿ ವರದಿಗಳನ್ನು ಕಳುಹಿಸುತ್ತದೆ.

ವಿಶ್ವಾಸವೇ ಬೇಕಿಲ್ಲದ ಸ್ಥಿತಿಯನ್ನು ತಲುಪಿದ ಯೋಜನೆಯೂ ಒಂದಿದೆ. 1996ರಲ್ಲಿ ಆರಂಭವಾದ ಬೃಹತ್ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಅಂತರಜಾಲ ಶೋಧವು ಬಹುಕಾಲ ಪ್ರತಿ ಸಂಖ್ಯೆಯನ್ನೂ ಇಬ್ಬರಿಂದ ಪರೀಕ್ಷಿಸುತ್ತಿತ್ತು. ಒಂದು ಸಂಖ್ಯೆಗೆ ದಿನಗಟ್ಟಲೆ ಲೆಕ್ಕ, ಮತ್ತೆ ಅಷ್ಟೇ ಮರುಲೆಕ್ಕ. 2020ರಲ್ಲಿ, ಲೆಕ್ಕ ಮಾಡಿದ ಯಂತ್ರವೇ ತನ್ನ ಉತ್ತರದ ಜೊತೆಗೆ ಗಣಿತೀಯ ಪುರಾವೆಯೊಂದನ್ನು ಲಗತ್ತಿಸುವ ಕ್ರಮ ಬಂದಿತು. ಮೂಲ ಲೆಕ್ಕದ ಅತ್ಯಲ್ಪ ಭಾಗದಷ್ಟು ಶ್ರಮದಲ್ಲಿ ಈ ಪುರಾವೆಯನ್ನು ಪರಿಶೀಲಿಸಬಹುದು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬಂತೆ, ಲೆಕ್ಕ ಮಾಡಿದವರು ಯಾರೆಂಬುದು ಇಲ್ಲಿ ಅಪ್ರಸ್ತುತ. 2024ರ ಅಕ್ಟೋಬರ್‌ನಲ್ಲಿ ಈ ಶೋಧದಿಂದ 4,10,24,320 ಅಂಕಿಗಳುಳ್ಳ ಅವಿಭಾಜ್ಯ ಸಂಖ್ಯೆ ಹೊರಬಂದಾಗ, ಅಂಥ ಅಪೂರ್ವ ಫಲಿತಾಂಶವನ್ನು ಮಾತ್ರ ಬೇರೆ ಬೇರೆ ಯಂತ್ರಗಳಲ್ಲಿ ಮತ್ತೆ ಲೆಕ್ಕ ಮಾಡಿ ನೋಡಲಾಯಿತು. ದುರದೃಷ್ಟವಶಾತ್ ಇಂಥ ಪುರಾವೆಯು ಅಗ್ಗವಾಗಿ ದೊರೆಯುವುದು ಕೆಲವು ಬಗೆಯ ಲೆಕ್ಕಗಳಿಗೆ ಮಾತ್ರ. ಹವಾಮಾನಕ್ಕೂ ನಕ್ಷತ್ರಗಳಿಗೂ ಹಳೆಯ ದಾರಿಯೇ ಗತಿ.

ಯಂತ್ರ ನೀಡುವವರ ಗಮನಕ್ಕೆ

ಇದುವರೆಗೆ ಯೋಜನೆಯವರು ನಾಗರಿಕರನ್ನು ನಂಬುವ ವಿಷಯವನ್ನು ಹೇಳಲಾಯಿತು. ನಾಗರಿಕರು ಯೋಜನೆಯವರನ್ನು ನಂಬುವ ವಿಷಯ ಅಷ್ಟೇ ಮುಖ್ಯವಾದುದು. ಇಲ್ಲಿ ಪರೀಕ್ಷಿಸುವ ಹೊಣೆ ಬಹುಮಟ್ಟಿಗೆ ಅರ್ಜಿದಾರರದೇ ಆಗಿರುತ್ತದೆ.

ಬೋಯಿಂಕ್ ಮೂಲಕ ಬರುವ ಪ್ರತಿ ಕಾರ್ಯಕ್ರಮಕ್ಕೂ ಯೋಜನೆಯ ಅಂಕೀಯ ಸಹಿ ಇರುತ್ತದೆ. ಸಹಿ ಮಾಡುವ ರಹಸ್ಯ ಕೀಲಿಯನ್ನು ಅಂತರಜಾಲ ಸಂಪರ್ಕವಿಲ್ಲದ ಯಂತ್ರದಲ್ಲಿ ಇಡಬೇಕೆಂದು ಯೋಜನೆಗಳಿಗೆ ಸಲಹೆ ನೀಡಲಾಗಿದೆ. ಹೀಗೆ ಇಟ್ಟಲ್ಲಿ, ಸರ್ವರಿಗೆ ಯಾರಾದರೂ ಕನ್ನ ಹಾಕಿದರೂ ಅವರು ತಮ್ಮ ಕಾರ್ಯಕ್ರಮವನ್ನು ನಾಗರಿಕರ ಯಂತ್ರಗಳಿಗೆ ತಲುಪಿಸಲಾರರು. ಕಾರ್ಯಕ್ರಮಗಳನ್ನು ಸೀಮಿತ ಅಧಿಕಾರದ ಪ್ರತ್ಯೇಕ ಖಾತೆಯಲ್ಲಿ ಓಡಿಸುವ ಏರ್ಪಾಡೂ ಉಂಟು. ಆದರೆ ಸಹಿಯು ಯೋಜನೆಯ ಗುರುತನ್ನು ಹೇಳುವುದೇ ಹೊರತು ಯೋಜನೆಯ ಸಾಚಾತನವನ್ನಲ್ಲ. 2024ರಲ್ಲಿ ಕೆಲವು ವಂಚಕರು ಬ್ರೌಸರ್ ನವೀಕರಣದ ಸೋಗಿನಲ್ಲಿ ಜನರ ಯಂತ್ರಗಳಿಗೆ ಬೋಯಿಂಕ್ ತಂತ್ರಾಂಶವನ್ನೇ ಗುಟ್ಟಾಗಿ ಸೇರಿಸಿ, ಹೆಸರಾಂತ ಯೋಜನೆಯೊಂದರ ಹೆಸರನ್ನು ಅನುಕರಿಸುವ ನಕಲಿ ಸರ್ವರಿಗೆ ಅವುಗಳನ್ನು ಜೋಡಿಸಿದ ಪ್ರಕರಣಗಳು ಪತ್ತೆಯಾದವು. ಆದ್ದರಿಂದ ತಂತ್ರಾಂಶವನ್ನು ಅದರ ಅಧಿಕೃತ ಜಾಲತಾಣದಿಂದಲೇ ಪಡೆಯತಕ್ಕದ್ದು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸತಕ್ಕದ್ದು. ಪುಟಿದೇಳುವ ಕಿಟಕಿಗಳಲ್ಲಿ ಬರುವ ನವೀಕರಣದ ಆಹ್ವಾನಗಳನ್ನು ಒಪ್ಪತಕ್ಕದ್ದಲ್ಲ. ತಾವು ಅಳವಡಿಸದ ಬೋಯಿಂಕ್ ತಮ್ಮ ಯಂತ್ರದಲ್ಲಿ ಕಂಡುಬಂದರೆ ಅದನ್ನು ಅಪಾಯದ ಸೂಚನೆಯೆಂದು ಪರಿಗಣಿಸತಕ್ಕದ್ದು.

ಕಚೇರಿ, ಶಾಲೆ ಅಥವಾ ಕಾಲೇಜಿನ ಯಂತ್ರಗಳನ್ನು ಲಿಖಿತ ಅನುಮತಿಯಿಲ್ಲದೆ ಯಾವ ಯೋಜನೆಗೂ ಜೋಡಿಸಬಾರದು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ತಾಂತ್ರಿಕ ಕಾಲೇಜೊಂದರ ಗಣಕ ಸಿಬ್ಬಂದಿಯೊಬ್ಬರು ಸದುದ್ದೇಶದಿಂದಲೇ ಕಾಲೇಜಿನ ಯಂತ್ರಗಳಲ್ಲಿ ಇಂಥ ತಂತ್ರಾಂಶವನ್ನು ಅಳವಡಿಸಿ ಕ್ರಿಮಿನಲ್ ಮೊಕದ್ದಮೆಯನ್ನು ಎದುರಿಸಬೇಕಾಯಿತು. 2002ರ ಜನವರಿಯಲ್ಲಿ ಅದು ಒಂದು ವರ್ಷದ ಪ್ರೊಬೇಷನ್, ನಷ್ಟಭರ್ತಿ ಹಾಗೂ ಸಮುದಾಯ ಸೇವೆಯೊಂದಿಗೆ ಇತ್ಯರ್ಥವಾಯಿತು. ಯಂತ್ರ ತನ್ನದಲ್ಲದಿದ್ದರೆ ದಾನವೂ ತನ್ನದಲ್ಲ.

ವಿದ್ಯುತ್ ವೆಚ್ಚವನ್ನು ಮೊದಲೇ ಅಂದಾಜು ಮಾಡಿಕೊಳ್ಳುವುದು ಸೂಕ್ತ. ಗಣನೆಯಿಂದಾಗಿ ಯಂತ್ರವು 50 ವ್ಯಾಟ್ ಹೆಚ್ಚುವರಿಯಾಗಿ ಸೆಳೆದರೆ, ಹಗಲಿರುಳು ಚಾಲನೆಯಲ್ಲಿದ್ದಾಗ ದಿನಕ್ಕೆ 1.2 ಯೂನಿಟ್, 30 ದಿನಗಳಿಗೆ 36 ಯೂನಿಟ್ ಆಗುತ್ತದೆ. ತಂತ್ರಾಂಶದ ಆಯ್ಕೆಗಳಲ್ಲಿ, ಯಂತ್ರ ಬಳಕೆಯಲ್ಲಿಲ್ಲದಾಗ ಮಾತ್ರ ಗಣನೆ ನಡೆಸಬೇಕೆಂದೂ, ಸಂಸ್ಕಾರಕದ ಇಂತಿಷ್ಟು ಭಾಗವನ್ನು ಮಾತ್ರ ಬಳಸಬೇಕೆಂದೂ, ಬ್ಯಾಟರಿಯಲ್ಲಿದ್ದಾಗ ನಿಲ್ಲಿಸಬೇಕೆಂದೂ, ದಿನದ ಇಂಥ ವೇಳೆಯಲ್ಲಿ ಮಾತ್ರ ಓಡಬೇಕೆಂದೂ ನಿಗದಿಪಡಿಸಬಹುದು. ಲ್ಯಾಪ್‌ಟಾಪ್ ಬಳಸುವವರು ಪೂರ್ಣ ಸಾಮರ್ಥ್ಯದಲ್ಲಿ ಓಡಿಸದಿರುವುದು ಲೇಸು. ಬಿಸಿಯೇರಿದ ಯಂತ್ರ ತಪ್ಪು ಉತ್ತರ ನೀಡಿದರೆ ತಮ್ಮ ವಿದ್ಯುತ್ತೂ ವ್ಯರ್ಥ, ಗಳಿಸಿದ ಎಣಿಕೆಯೂ ಸೊನ್ನೆ.

ಯೋಜನೆಯಿಂದ ಹೊರಬರಲು ಇಚ್ಛಿಸುವವರು ತಂತ್ರಾಂಶವನ್ನು ಏಕಾಏಕಿ ಅಳಿಸದೆ, ಮೊದಲು 'ಹೊಸ ಕೆಲಸ ಬೇಡ' ಎಂಬ ಆಯ್ಕೆಯನ್ನು ಆರಿಸಿ, ಕೈಯಲ್ಲಿರುವ ಕೆಲಸಗಳು ಮುಗಿದು ಸಲ್ಲಿಕೆಯಾದ ನಂತರ ಸಂಪರ್ಕವನ್ನು ಕಡಿದುಕೊಳ್ಳುವುದು. ಅರ್ಧಕ್ಕೆ ಬಿಟ್ಟ ತುಂಡುಗಳು ಗಡುವು ಮುಗಿಯುವವರೆಗೂ ಬಾಕಿ ಉಳಿದು, ಅವುಗಳೊಂದಿಗೆ ತಾಳೆಯಾಗಬೇಕಾದ ಇನ್ನೊಬ್ಬರ ಉತ್ತರವೂ ಅಲ್ಲಿಯವರೆಗೆ ಸ್ವೀಕೃತವಾಗದೆ ಕಾಯಬೇಕಾಗುತ್ತದೆ.